ನಾಲ್ಕು ಮೂಟೆ ಬಲಿತ ಅವರೆ

ನನ್ನ ಬಲಗೈ ಹೆಬ್ಬೆರಳಿನ ಉಗುರಿನ ಎಡ ಅಂಚಿನಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಕಂದು ಗೆರೆಯೊಂದಿದೆ. ಸೋಪು ಹಾಕಿ ತೊಳೆದೆ, ನಿಂಬೆ ಹೋಳಿನಿಂದ ತಿಕ್ಕಿದೆ, ಹಲ್ಲುಜ್ಜುವ ಹಳೆಯ ಬ್ರಷ್ಷನ್ನೂ ಬಳಸಿ ನೋಡಿದೆ. ಒಂಬತ್ತು ದಿನವಾದರೂ ಅದು ಅಲ್ಲೇ ಇದೆ. ಉಗುರು ಬೆಳೆದು ತಾನಾಗಿ ಕತ್ತರಿಸಿಹೋಗಲಿ ಎಂದು ಈಗ ಬಿಟ್ಟುಬಿಟ್ಟಿದ್ದೇನೆ.

ದೆಹಲಿಯ ಹೌಜ್ ಖಾಸ್‌ನ ನಮ್ಮ ಆಫೀಸಿನಲ್ಲಿ ಅದನ್ನು ಮೊದಲು ಗಮನಿಸಿದವಳು ಎದುರು ಮೇಜಿನ ಗೀತಿಕಾ. ನಾನು ನಕ್ಷೆಗಳ ಸೂಚಿ ತಯಾರಿಸುವವಳು. ದಿನವಿಡೀ ಬೆರಳು ಕಾಗದದ ಮೇಲೆಯೇ ಇರುತ್ತದೆ, ಆದ್ದರಿಂದ ಕಣ್ಣಿಗೆ ಬಿದ್ದಿರಬೇಕು. "ಮೆಹಂದಿನಾ? ಯಾರ ಮದುವೆ?" ಎಂದು ಹಿಂದಿಯಲ್ಲಿ ಕೇಳಿದಳು. ಅವರೆಕಾಯಿ ಸುಲಿದ ಕಲೆ ಎಂದು ಹೇಳಲು ನನಗೆ ಒಂದು ವಾಕ್ಯ ಸಾಲಲಿಲ್ಲ. ಸೇಮ್ ಇದೆಯಲ್ಲ, ಅದು ಚೆನ್ನಾಗಿ ಬಲಿತ ಮೇಲೆ, ಒಳಗಿನ ಕಾಳು, ಎಂದು ಕೈಯಲ್ಲಿ ಸುಲಿದು ತೋರಿಸಿದೆ.

"ಸೇಮ್ ಕಾ ಬೀಜ್? ಉಸೇ ಕೌನ್ ಖಾತಾ ಹೈ, ಯಾರ್?"

"ನಾವು" ಎಂದೆ. ಅವಳು ನಕ್ಕಳು, ನಾನೂ ನಕ್ಕೆ. ಆದರೆ ಆ ಬೀಜವನ್ನು ಯಾರು ತಿನ್ನುತ್ತಾರೆ ಎಂಬ ಪ್ರಶ್ನೆಯನ್ನೇ ಹಿಡಿದುಕೊಂಡು ಈ ಚಳಿಗಾಲದಲ್ಲಿ ನಾನು ಕಳೆದ ದಿನಗಳು ನಗುವಂಥವಾಗಿರಲಿಲ್ಲ.

ನಿಮಗೆ ಅವರೆಯ ಬಗ್ಗೆ ಹೇಳುವ ಅಗತ್ಯವಿಲ್ಲ. ಆದರೆ ಇಲ್ಲಿಯವರ ಲೆಕ್ಕ ಬೇರೆ ಎಂಬುದನ್ನು ಹೇಳಬೇಕು. ಇವರಿಗೆ ಸೇಮ್ ಎಂದರೆ ಎಳೆಯ, ಚಪ್ಪಟೆಯಾದ ಕಾಯಿ. ನಾರು ತೆಗೆದು ಆಲೂಗಡ್ಡೆಯ ಜೊತೆ ಪಲ್ಯ ಮಾಡುತ್ತಾರೆ. ಕಾಳು ಉಬ್ಬಿ ಕಂಡರೆ ಅದು ಮುದಿಯಾಯಿತು, ಯಾರೂ ಮುಟ್ಟುವುದಿಲ್ಲ. ನಮಗೋ, ಕಾಳು ಉಬ್ಬುವ ತನಕ ಅದು ಅವರೆಯೇ ಅಲ್ಲ. ಒಂದೇ ಬಳ್ಳಿ, ಒಂದೇ ಕಾಯಿ. ಅವರು ಬಿಸಾಡುವಲ್ಲಿಂದ ನಾವು ಶುರುಮಾಡುತ್ತೇವೆ.

ನಾನು ಚಿಕ್ಕವಳಿದ್ದಾಗ ಅಪ್ಪ ವರ್ಷಕ್ಕೊಮ್ಮೆ, ಡಿಸೆಂಬರಿನ ಕೊನೆಗೆ, ದೊಡ್ಡಬಳ್ಳಾಪುರದ ಅಜ್ಜಿಯ ಮನೆಯಿಂದ ಒಂದು ಗೋಣಿಚೀಲ ಅವರೆಕಾಯಿಯನ್ನು ರೈಲಿನಲ್ಲಿ ತರುತ್ತಿದ್ದರು. ಎರಡು ರಾತ್ರಿಯ ಪ್ರಯಾಣ. ಚೀಲ ಸೀಟಿನ ಕೆಳಗೆ ಇರುತ್ತಿತ್ತು, ಸೊಗಡು ಬೋಗಿಯ ತುಂಬ. ಒಮ್ಮೆ ಭೋಪಾಲಿನಲ್ಲಿ ಹತ್ತಿದ ಪ್ರಯಾಣಿಕರೊಬ್ಬರು ಮೂಗು ಮುಚ್ಚಿಕೊಂಡು, "ಭಾಯಿಸಾಹಬ್, ಕುಛ್ ಸಡ್ ರಹಾ ಹೈ ಕ್ಯಾ?" ಎಂದು ಕೇಳಿದರಂತೆ. ಏನೋ ಕೊಳೆಯುತ್ತಿದೆಯೇ ಎಂದು! ಎಂದೂ ದನಿ ಎತ್ತದ ಅಪ್ಪ, "ಯೇ ಖುಶ್ಬೂ ಹೈ!" ಇದು ಪರಿಮಳ ಎಂದು ಗದರಿದ್ದರಂತೆ. ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿದ ಅವರು ಯಾರನ್ನಾದರೂ ಗದರಿದ್ದು ಅದೊಂದೇ ಸಲ ಎಂದು ಅಮ್ಮ ಹೇಳುತ್ತಾರೆ.

ಚೀಲ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿಗೆ ಬರುವಷ್ಟರಲ್ಲಿ ಕಾಲುಭಾಗ ಕಪ್ಪಾಗಿರುತ್ತಿತ್ತು. ಅಮ್ಮ ಹಾಲ್‌ನಲ್ಲಿ ಹಳೆಯ ಸೀರೆ ಹಾಸಿ, ಕಾಯಿಗಳನ್ನು ಹರಡಿ, ಸುತ್ತಲಿನ ಕನ್ನಡದ ಮನೆಗಳಿಗೆ ಪಾಲು ಮಾಡುತ್ತಿದ್ದರು. ಮಕ್ಕಳು ಹೆಚ್ಚಿದ್ದ ಮನೆಗೆ ಒಂದು ಹಿಡಿ ಹೆಚ್ಚು. ಕಪ್ಪಾದದ್ದು ನಮಗೆ. ಬಟ್ಟಲುಗಳನ್ನು ಹೊತ್ತು ಮನೆ ಮನೆಗೆ ಕೊಡುವುದು ನನ್ನ ಕೆಲಸ. ನಾನು ಬೆಲ್ಲನ್ನು ಒಂದೇ ಸಲ ಒತ್ತಿ, ಬಟ್ಟಲನ್ನು ಕಾಲೊರೆಸಿನ ಮೇಲಿಟ್ಟು, ಬಾಗಿಲು ತೆರೆಯುವ ಮೊದಲೇ ಓಡಿಬರುತ್ತಿದ್ದೆ. ಜನರ ಮುಖ ನೋಡಿ ಮಾತಾಡಬೇಕಲ್ಲ ಎಂಬ ಭಯ. ಒಂದು ವರ್ಷ ಎದುರು ಬ್ಲಾಕಿನವರ ಪಾಲನ್ನು ಕೋತಿ ತಿಂದುಹೋಯಿತು. ತಮಗೆ ಕೊಡಲೇ ಇಲ್ಲವೆಂದು ಆ ಮನೆಯವರು ಎರಡು ತಿಂಗಳು ಅಮ್ಮನ ಜೊತೆ ಮಾತು ಬಿಟ್ಟಿದ್ದರು. ನಾನು ಈಗಲೂ ಬೆಲ್ಲನ್ನು ಒಂದೇ ಸಲ ಒತ್ತುವವಳು. ಏಳರವರೆಗೆ ಎಣಿಸುತ್ತೇನೆ, ಬಾಗಿಲು ತೆರೆಯದಿದ್ದರೆ ಸಮಾಧಾನದಿಂದ ಹಿಂದಿರುಗುತ್ತೇನೆ.

ಇಂಥವಳು ಒಂದು ಸಂಘದ ಕಾರ್ಯದರ್ಶಿ ಆದದ್ದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಬೆಂಡೆಕಾಯಿ.

ಮೂರು ವರ್ಷದ ಹಿಂದೆ ನಮ್ಮ ಮೇಲಿನ ಮನೆಯ ರಾಜಲಕ್ಷ್ಮಿ ಆಂಟಿ ಬಜಾರಿನಿಂದ ತಂದ ಬೆಂಡೆಕಾಯಿ ತೊಳೆದಾಗ ನೀರು ಹಸಿರಾಯಿತು. ಅವರು ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಇಡೀ ಬ್ಲಾಕಿಗೆ ತೋರಿಸಿಕೊಂಡು ಬಂದರು. ಅವರ ಯಜಮಾನರು ಅಂಡರ್ ಸೆಕ್ರೆಟರಿ; ಆದರೆ ಕಡತ ಮುಂದೆ ಹೋಗುವ ವೇಗವೆಲ್ಲ ಆಂಟಿಯ ಕೈಯಲ್ಲಿ. ಒಂದು ವಾರದಲ್ಲಿ ಅವರು ನಮ್ಮ ಬ್ಲಾಕಿಗೆ ಇಸ್ತ್ರಿ ಮಾಡುವವರ ಅಕ್ಕ ಯಮುನೆಯ ದಂಡೆಯಲ್ಲಿ ತರಕಾರಿ ಬೆಳೆಯುತ್ತಾರೆಂದು ಪತ್ತೆ ಮಾಡಿದರು. ಅವರೇ ಬಿಮ್ಲಾ ದೀದಿ. ಗಂಡ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾರೆ, ಹೊಲ ಪೂರ್ತಿ ಇವರದೇ. ಹೊಲವೆಂದರೆ ಗುತ್ತಿಗೆಯ ಒಂದು ತುಂಡು, ಹೊಳೆ ಉಕ್ಕಿದ ವರ್ಷ ಮುಳುಗುತ್ತದೆ.

ನಾವು ಐದು ಜನ ಹೆಂಗಸರು ಎರಡು ಬಸ್ ಬದಲಿಸಿ ತನಿಖೆಗೆ ಹೋದೆವು. ರಾಜಲಕ್ಷ್ಮಿ ಆಂಟಿ ಬೋರ್‌ವೆಲ್ ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸಿದರು. ಮಣ್ಣನ್ನು ಬೆರಳಲ್ಲಿ ಪುಡಿಮಾಡಿದರು. ಗೊಬ್ಬರ ಯಾವುದು, ಹಸುವಿನದೋ ಎಮ್ಮೆಯದೋ, ಹಸು ಯಾರದು ಎಂದು ವಿಚಾರಿಸಿದರು.

"ನಾಮ್ ಭೀ ಬತಾವೂಂ ಗಾಯ್ ಕಾ?" ಎಂದು ಬಿಮ್ಲಾ ದೀದಿ ಕೇಳಿದರು. ಹಸುವಿನ ಹೆಸರೂ ಬೇಕೇ ಎಂದು.

ಆಂಟಿ ಒಂದು ಕ್ಷಣ ಯೋಚಿಸಿ, "ಬತಾವೋ" ಎಂದರು. ಹಸುವಿನ ಹೆಸರು ಗುಲಾಬೋ. ಅಲ್ಲಿಂದ ಸಂಘ ಶುರುವಾಯಿತು.

ಹನ್ನೊಂದು ಮನೆ. ಬಿತ್ತುವ ಮೊದಲೇ ದರ ಮಾತಾಡಿಬಿಡುವುದು, ಆಮೇಲೆ ಬಜಾರಿನಲ್ಲಿ ಬಿದ್ದರೂ ಇಳಿಸಕೂಡದು. ಸೊಟ್ಟ ಮೂಲಂಗಿ, ಹುಳು ಕಚ್ಚಿದ ಎಲೆ ಎಂದು ಆರಿಸಕೂಡದು. ಹೊಲ ಕೊಟ್ಟದ್ದನ್ನು ತಿನ್ನಬೇಕು. ಆಕೆ ಔಷಧಿ ಹೊಡೆಯಕೂಡದು. ಪ್ರತಿ ತಿಂಗಳ ಮೊದಲ ಭಾನುವಾರ ನಮ್ಮ ಮನೆಯ ಹಾಲ್‌ನಲ್ಲಿ ಸಭೆ. ಬಿಮ್ಲಾ ದೀದಿ ಬಾಡಿಗೆ ಟೆಂಪೋದಲ್ಲಿ ತರಕಾರಿ ತಂದು ಕೆಳಗೆ ಮೆಟ್ಟಿಲ ಬಳಿ ತಕ್ಕಡಿ ಹೂಡುತ್ತಿದ್ದರು, ನಾವು ಮೇಲೆ ಕಾಫಿ ಕುಡಿಯುತ್ತ ಮುಂದಿನ ಬೆಳೆಯ ವಿಚಾರ ತೀರ್ಮಾನಿಸುತ್ತಿದ್ದೆವು. "ನಮ್ಮ ವಸುಧಾ ಬರ್ಕೊಳ್ಳಲಿ, ಹೇಗೂ ಮಾತಾಡೋದಿಲ್ಲ" ಎಂದು ಆಂಟಿ ನನ್ನನ್ನು ಕಾರ್ಯದರ್ಶಿ ಮಾಡಿದರು. ನಾನು ಅಂದವಾಗಿ ಬರೆದುಕೊಂಡೆ. ರೈತರಿಗೆ ನ್ಯಾಯ, ಮಣ್ಣಿಗೆ ನ್ಯಾಯ ಎಂಬ ಮಾತುಗಳು ನನ್ನ ನೋಟ್‌ಬುಕ್ಕಿನಲ್ಲಿ ಹಲವು ಕಡೆ ಇವೆ. ಅವುಗಳ ಕೆಳಗೆ ನಾನು ಸ್ಕೇಲಿಟ್ಟು ಗೆರೆ ಎಳೆದಿದ್ದೇನೆ.

ಕಳೆದ ಜುಲೈ ಸಭೆಯಲ್ಲಿ ಯಾರೋ ಅವರೆಯ ಮಾತೆತ್ತಿದರು. ಒಬ್ಬರು ಹಿತಕಿದ ಬೇಳೆ ಸಾರು ಎಂದರು, ಇನ್ನೊಬ್ಬರು ಅವರೆಕಾಳಿನ ಅಕ್ಕಿರೊಟ್ಟಿ ಎಂದರು, ಆಮೇಲೆ ಯಾರಿಗೂ ಬೇರೆ ವಿಷಯ ಬೇಡವಾಯಿತು. ಬಿಮ್ಲಾ ದೀದಿಯ ಹೊಲದಲ್ಲೇ ಬೆಳೆಸಿದರೆ ಹೇಗೆ? ಅಜ್ಜಿಯ ಮನೆಯ ಬೀಜ ನಮ್ಮ ಡಬ್ಬಿಯಲ್ಲಿತ್ತು. ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ನಾನು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡೆ. ರಾಜಲಕ್ಷ್ಮಿ ಆಂಟಿಯ ಹೆಸರಿನ ಮುಂದೆ "ಎಷ್ಟು ಬೇಕಾದರೂ" ಎಂದು ಬರೆದಿದ್ದೇನೆ, ಅವರು ಹೇಳಿದ ಹಾಗೆಯೇ.

ಬೀಜ ಕೊಟ್ಟು ಬರಲು ಹೋದವಳು ನಾನು. ನನ್ನ ಎಂ.ಎ. ಭೂಗೋಳದಲ್ಲಿ. ನದೀಬಯಲಿನ ಅಡ್ಡಸೀಳಿಕೆಯ ಚಿತ್ರವನ್ನು ಈಗಲೂ ಕಣ್ಣುಮುಚ್ಚಿ ಬಿಡಿಸಬಲ್ಲೆ. ಆದರೆ ಅವರೆಯ ಗಿಡ ನೆಲದ ಮೇಲೆ ನಿಂತದ್ದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಅಷ್ಟಿದ್ದೂ ಹೇಳಿದೆ: ಸಂಕ್ರಾಂತಿಗೆ ಬರುತ್ತದೆ. ಕಾಯಿ ಉಬ್ಬಬೇಕು, ಒಳಗೆ ಕಾಳು ತುಂಬಬೇಕು. ನಾನು ಹೇಳುವವರೆಗೆ ಕೀಳಬೇಡಿ.

"ಪೂರಾ ಪಟ್ಟಾ ಆಪ್ ಲೋಗ್ ಲೋಗೇ?" ಇಡೀ ತುಂಡಿನ ಬೆಳೆಯನ್ನು ನೀವೇ ತಗೊಳ್ಳುತ್ತೀರಾ ಎಂದು ಬಿಮ್ಲಾ ದೀದಿ ಕೇಳಿದರು.

"ಪೂರಾ" ಎಂದೆ.

ಡಿಸೆಂಬರಿನ ಎರಡನೆಯ ವಾರ ಆಫೀಸಿನಲ್ಲಿದ್ದಾಗ ಅವರ ಫೋನ್ ಬಂತು, ಪಕ್ಕದ ಹೊಲದವರ ಮೊಬೈಲಿನಿಂದ. ಬಳ್ಳಿ ತುಂಬ ಎಳೆಗಾಯಿ ಬಿಟ್ಟಿದೆ. ಮಂಡಿಯ ವ್ಯಾಪಾರಿ ಬಂದು ನಿಂತಿದ್ದಾನೆ, ಎಲ್ಲವನ್ನೂ ಎತ್ತುತ್ತೇನೆ ಎನ್ನುತ್ತಿದ್ದಾನೆ. ಒಳ್ಳೆಯ ದರ. ಏನು ಮಾಡಲಿ?

ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಹೇಗೂ ಅವಸರ. ಎಷ್ಟು ಬೇಗ ಮುಗಿದರೆ ಅಷ್ಟು ಒಳ್ಳೆಯದು. "ನಹೀಂ ದೀದಿ, ರುಕಿಯೇ. ಇನ್ನೂ ಬಲಿಯಬೇಕು" ಎಂದೆ.

"ಪಕ್ಕಾ?"

"ಪಕ್ಕಾ."

ಫೋನ್ ಇಟ್ಟೆ. ಒಂದು ನಿಮಿಷದೊಳಗೆ ಸ್ಪಷ್ಟವಾದ ತೀರ್ಮಾನ ತೆಗೆದುಕೊಂಡೆನಲ್ಲ ಎಂದು ಸಣ್ಣ ಹೆಮ್ಮೆಯೂ ಆಯಿತು. ಇದನ್ನು ಸಂಘದಲ್ಲಿ ಹೇಳಲಿಲ್ಲ. ಹೇಳುವಂಥದ್ದು ಅನ್ನಿಸಲೇ ಇಲ್ಲ.

ಆಮೇಲೆ ಮಂಜು ಬಿತ್ತು. ದೆಹಲಿಯ ಜನವರಿ ನಿಮಗೆ ಗೊತ್ತಿದ್ದರೆ ಗೊತ್ತು. ವಾರಗಟ್ಟಲೆ ಸೂರ್ಯ ತಟ್ಟೆಯ ಹಾಗೆ ಬಿಳಿಚಿಕೊಂಡು ಮೇಲೆ ತೂಗುತ್ತಿರುತ್ತಾನೆ, ಬಿಸಿಲೆಂಬುದಿಲ್ಲ. ಕಾಯಿ ಹೇಗಿತ್ತೋ ಹಾಗೇ ನಿಂತುಬಿಟ್ಟಿತು. ಸಂಕ್ರಾಂತಿ ಬಂತು. ಹಬ್ಬಕ್ಕೆ ಅವರೆ ಇಲ್ಲದಿದ್ದರೆ ಹೇಗೆ? ನಮ್ಮವರು ಕರೋಲ್ ಬಾಗಿಗೆ ಹೋಗಿ, ಬೆಂಗಳೂರಿನಿಂದ ಸಾಮಾನು ತರಿಸುವ ಅಂಗಡಿಯಲ್ಲಿ ಚೀಲಗಟ್ಟಲೆ ಕೊಂಡುತಂದರು. ಎಳ್ಳುಬೆಲ್ಲದ ಜೊತೆ ಬೇಯಿಸಿದ ಅವರೆಕಾಯಿ ಮನೆ ಮನೆ ತಿರುಗಿತು. ನಾನೂ ತಿಂದೆ. ತಿನ್ನುವಾಗ ಬಿಮ್ಲಾ ದೀದಿಯ ನೆನಪಾಯಿತು, ಆದರೂ ಇನ್ನೊಂದು ಹಿಡಿ ಹಾಕಿಸಿಕೊಂಡೆ.

ಜನವರಿಯ ಕೊನೆಗೆ ಬಿಸಿಲು ಬಂತು. ಹೊಲದ ಅವರೆ ಒಂದೇ ವಾರದಲ್ಲಿ ಒಟ್ಟಿಗೆ ತುಂಬಿಕೊಂಡಿತು. ಗುರುವಾರ ಫೋನ್ ಬಂತು: "ಬಿಟಿಯಾ, ನಿನ್ನ ಸೇಮ್ ಬಲಿತಿದೆ. ನಾಲ್ಕು ಮೂಟೆ. ಇಲ್ಲಿ ಎಲ್ಲರೂ ನಗುತ್ತಿದ್ದಾರೆ, ಬಿಮ್ಲಾ ಕೀ ಸೇಮ್ ಬೂಢೀ ಹೋ ಗಯೀ ಅಂತ. ಭಾನುವಾರ ತರುತ್ತೇನೆ." ತಮ್ಮ ಸೇಮ್ ಮುದಿಯಾಯಿತೆಂದು ಜನ ನಗುತ್ತಿದ್ದರೂ ಅವರ ದನಿಯಲ್ಲಿ ದೂರಿರಲಿಲ್ಲ. ನಾವು ತೆಗೆದುಕೊಳ್ಳುತ್ತೇವೆ ಎಂಬುದರಲ್ಲಿ ಅನುಮಾನವೂ ಇರಲಿಲ್ಲ.

ಶನಿವಾರ ನಾನು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋದೆ. ಆ ದಿನ ಬೆಲ್ಲನ್ನು ಎರಡು ಸಲ ಒತ್ತಿದೆ, ಕೆಲವು ಕಡೆ ಮೂರು ಸಲ.

"ಅಯ್ಯೋ, ಹಬ್ಬಕ್ಕೇ ಅಷ್ಟು ತಿಂದ್ವಲ್ಲಮ್ಮ. ಎರಡು ಕಿಲೋ ಹಾಕು ಸಾಕು."

"ಮಗಳಿಗೆ ಪ್ರೀ-ಬೋರ್ಡ್ ಪರೀಕ್ಷೆ. ಸುಲೀತಾ ಕೂರಕ್ಕೆ ಯಾರಿಗೆ ಪುರುಸೊತ್ತು?"

"ಇವರಿಗೆ ಗ್ಯಾಸ್ ಆಗುತ್ತೆ ಕಣೇ. ಆಫೀಸಲ್ಲಿ ಮೀಟಿಂಗು ಬೇರೆ ಇರತ್ತೆ."

ಆ ಮನೆಯ ಹತ್ತು ವರ್ಷದ ಹುಡುಗಿ ಒಳಗಿನಿಂದ, "ಮಮ್ಮಾ, ವೋ ಸ್ಮೆಲ್‌ವಾಲೀ ಚೀಜ್ ಫಿರ್ ಸೇ?" ಎಂದು, ಆ ವಾಸನೆಯ ವಸ್ತು ಮತ್ತೆ ಬಂತೇ ಎಂದು, ಕೂಗಿದ್ದು ಕೇಳಿಸಿತು.

ರಾಜಲಕ್ಷ್ಮಿ ಆಂಟಿ ಐದು ಕಿಲೋ ಎಂದರು. ನಾನು ಜುಲೈ ತಿಂಗಳ ಪುಟ ತಿರುಗಿಸಿ "ಎಷ್ಟು ಬೇಕಾದರೂ" ಎಂಬುದನ್ನು ಸುಮ್ಮನೆ ತೋರಿಸಿದೆ. "ಅದು ಬಾಯಿ ಚಪಲಕ್ಕೆ ಅಂದಿದ್ದು ಕಣೇ, ಅದನ್ನೂ ಬರೆದಿಟ್ಟಿದೀಯಲ್ಲ!" ಎಂದು ನಕ್ಕು, ಎಂಟು ಮಾಡಿದರು. ಎಲ್ಲ ಸೇರಿ ಎರಡು ಮೂಟೆಗೆ ಸರಿಹೋಯಿತು. ಉಳಿದ ಎರಡು ಮೂಟೆಗೆ ಈ ನಗರದಲ್ಲಿ ಬೇರೆ ಬಾಯಿಗಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಾಲ್‌ನಲ್ಲಿ ಸಭೆ ಕೂತಿತು. ಕೆಳಗೆ ಟೆಂಪೋ ಬಂದು ಮೂಟೆಗಳು ಇಳಿದಿದ್ದವು. ಸೊಗಡು ಮೆಟ್ಟಿಲು ಹತ್ತಿ ಮೇಲೆ ಬಂದಿತ್ತು. ಅಮ್ಮ ಆಗಲೇ ಒಂದು ಮೊರ ಕಾಯಿ ತರಿಸಿ, ಸುಲಿಯುತ್ತ ಮಾತಾಡಿ ಎಂದು ಎಲ್ಲರ ಮುಂದೆ ಸುರಿದಿದ್ದರು. ನಾನೂ ಸುಲಿಯುತ್ತಿದ್ದೆ.

"ಉಳಿದದ್ದನ್ನ ಮಂಡಿಗೆ ಹಾಕು ಅಂತ ಹೇಳ್ಬಿಡು ಅವಳಿಗೆ" ಎಂದರು ರಾಜಲಕ್ಷ್ಮಿ ಆಂಟಿ. "ನಾವೇನು ಬೇಕೂಂತ ಬಿಟ್ವಾ? ಹಬ್ಬಕ್ಕೆ ಬರ್ಲಿಲ್ಲ, ಏನ್ಮಾಡೋದು."

ನಾನು ಮೂರು ವರ್ಷದಲ್ಲಿ ಆ ಸಭೆಯಲ್ಲಿ ಮಾತಾಡಿದ್ದು ಕಡಿಮೆ. ಓದಿ ಹೇಳು ಎಂದರೆ ಓದುತ್ತಿದ್ದೆ, ಅಷ್ಟೇ. ಈಗ ಬಾಯಿ ತೆರೆದಾಗ ದನಿ ಅಗತ್ಯಕ್ಕಿಂತ ಜೋರಾಗಿಯೇ ಬಂತು.

"ಮಂಡೀಲಿ ಯಾರೂ ತಗೊಳಲ್ಲ ಆಂಟಿ. ಬಲಿತದ್ದನ್ನ ಇಲ್ಲಿ ಯಾರೂ ತಿನ್ನಲ್ಲ. ಡಿಸೆಂಬರಲ್ಲಿ ಎಳೇದಿದ್ದಾಗ ವ್ಯಾಪಾರಿ ಹೊಲಕ್ಕೇ ಬಂದಿದ್ದ. ಎಲ್ಲಾ ಎತ್ತುತೀನಿ ಅಂದಿದ್ದ. ಕೊಡಬೇಡಿ ಅಂತ ಹೇಳಿದವಳು ನಾನು."

ಆಂಟಿ ಸುಲಿಯುತ್ತಿದ್ದ ಕಾಯನ್ನು ಕೆಳಗಿಟ್ಟರು.

"ನಮಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವೇನಂತಿದ್ರಿ?"

ಕೇಳಿಬಿಟ್ಟ ಮೇಲೆ ಅದು ಎದುರುತ್ತರದಂತೆ ಕೇಳಿಸಿತು. ಅಮ್ಮ ನನ್ನ ಕಡೆ ನೋಡಿದರು. ಆದರೆ ರಾಜಲಕ್ಷ್ಮಿ ಆಂಟಿ ನಿಜವಾಗಿಯೇ ಯೋಚಿಸಿದರು. ಅವರಲ್ಲಿ ನನಗೆ ಇಷ್ಟವಾಗುವ ಗುಣ ಅದು. "ಬಲೀಲಿ ಬಿಡು ಅಂತಿದ್ದೆ" ಎಂದು ಒಪ್ಪಿಕೊಂಡರು. ಆಮೇಲೆ ಕೇಳಿದರು: "ಅವಳೇನಂತಾಳೆ?"

"ಗೊತ್ತಿಲ್ಲ."

"ಎಲ್ಲಿದಾಳೆ?"

"ಕೆಳಗೆ. ತಕ್ಕಡಿ ಹತ್ರ."

"ಯಾವಾಗ್ಲೂ ಅಲ್ಲೇ ಇರ್ತಾಳಾ?"

ಯಾರನ್ನು ಕೇಳಿದ್ದು ಎಂದು ತಿಳಿಯಲಿಲ್ಲ; ಏಕೆಂದರೆ ಕೇಳಿದವರೂ ಸೇರಿ ಎಲ್ಲರಿಗೂ ಗೊತ್ತಿತ್ತು. ಮೂರು ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ಸಭೆ ನಡೆದಿವೆ. ಆಕೆಯ ಹೊಲದಲ್ಲಿ ಏನು ಬಿತ್ತಬೇಕು, ಎಂದು ಕೀಳಬೇಕು, ಏನು ಹೊಡೆಯಕೂಡದು ಎಂದು ಅಷ್ಟೂ ಸಭೆಗಳಲ್ಲಿ ನಾವು ತೀರ್ಮಾನಿಸಿದ್ದೇವೆ. ಹಾಜರಿದ್ದವರ ಪಟ್ಟಿ ಪ್ರತಿ ಸಲವೂ ನನ್ನ ಅಂದವಾದ ಅಕ್ಷರದಲ್ಲಿದೆ. ಅದರಲ್ಲಿ ಎಲ್ಲರೂ ತಿನ್ನುವವರೇ.

ಕರೆಯಲು ನಾನೇ ಇಳಿದುಹೋದೆ. "ಊಪರ್? ಕ್ಯೋಂ? ಕುಛ್ ಗಡ್‌ಬಡ್ ಹೋ ಗಯೀ?" ಎಂದು ಬಿಮ್ಲಾ ದೀದಿ ಗಾಬರಿಯಾದರು. ಗಡ್‌ಬಡ್ ಏನಿಲ್ಲ, ಎಡವಟ್ಟೇನೂ ಆಗಿಲ್ಲ, ಸುಮ್ಮನೆ ಬನ್ನಿ ಎಂದೆ. ನಲ್ಲಿಯಲ್ಲಿ ಕಾಲು ತೊಳೆದು, ಸೆರಗು ಸರಿಮಾಡಿಕೊಂಡು ಬಂದರು. ನೆಲದ ಮೇಲೆ ಕೂರಲು ಹೋದವರನ್ನು ಅಮ್ಮ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದರು, ಲೋಟ ತುಂಬ ಕಾಫಿ ಕೊಟ್ಟರು. ಒಂದು ಗುಟುಕು ಕುಡಿದು ಅವರು ಲೋಟದೊಳಗೆ ನೋಡಿದರು.

"ಚಾಯ್ ಜಲ್ ಗಯೀ ಕ್ಯಾ?"

ಸೀದುಹೋದ ಚಹಾ ಅಲ್ಲ, ಕಾಫಿ ಎಂದು ತಿಳಿದ ಮೇಲೂ ಅವರ ಮುಖ ಬದಲಾಗಲಿಲ್ಲ. ಆದರೆ ಹಾಲ್ ನಕ್ಕಿತು, ಮಾತು ಸುಲಭವಾಯಿತು. ಎರಡು ಮೂಟೆ ಉಳಿಯುತ್ತದೆ ಎಂಬುದನ್ನು ನಾನೇ ಹೇಳಿದೆ. ಅವರು ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

"ಆವತ್ತು ಕೇಳಿದ್ದರೆ ಅರ್ಧ ಕಿತ್ತು ವ್ಯಾಪಾರಿಗೆ ಕೊಡುತ್ತಿದ್ದೆ, ಅರ್ಧ ನಿಮಗೆ ಬಲಿಯಲು ಬಿಡುತ್ತಿದ್ದೆ" ಎಂದರು ಹಿಂದಿಯಲ್ಲಿ. "ಇದರಲ್ಲೇನಿದೆ? ಬಳ್ಳಿ ಅದೇ."

"ಅದನ್ನ ಆಗಲೇ ಹೇಳಬಾರದಿತ್ತಾ?" ಹಿಂದಿಯಲ್ಲೇ ಕೇಳಿದ ಆಂಟಿಯ ದನಿ ಸಣ್ಣದಾಗಿತ್ತು.

"ಬಿಟಿಯಾ ನೇ ಪಕ್ಕಾ ಬೋಲಾ ಥಾ. ಪಢೀ-ಲಿಖೀ ಲಡ್ಕೀ ಹೈ, ನಾನೇನು ಹೇಳಲಿ?"

ಓದಿದ ಹುಡುಗಿ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡುವುದರಲ್ಲಿ ಮಗ್ನಳಾಗಿದ್ದಳು.

ಬಿಮ್ಲಾ ದೀದಿಯೇ ಕೇಳಿದರು: ನೀವು ಇದನ್ನು ಒಣಗಿಸಿ ತಿನ್ನುವುದಿಲ್ಲವೇ? ಅಮ್ಮ ಹಣೆ ಚಚ್ಚಿಕೊಂಡರು. ಊರಿನಲ್ಲಿ ಅಜ್ಜಿ ವರ್ಷವಿಡೀ ಒಣ ಅವರೆ ಹುರಿದು ಬೇಯಿಸಿ ಸಾರು ಮಾಡುತ್ತಾರೆ. ನಮಗ್ಯಾರಿಗೂ ಅದು ಹೊಳೆದೇ ಇರಲಿಲ್ಲ. ಏಕೆಂದರೆ ದೆಹಲಿಗೆ ಬಂದ ಮೇಲೆ ಒಣಗಿಸುವಷ್ಟು ಅವರೆ ನಮ್ಮಲ್ಲಿ ಯಾರ ಮನೆಗೂ ಬಂದಿರಲಿಲ್ಲ. ಬಂದ ನಾಲ್ಕು ಹಿಡಿಯನ್ನು ಹಂಚಿ, ಕಪ್ಪಾಗುವ ಮೊದಲು ತಿಂದು ಮುಗಿಸುವುದಷ್ಟೇ ನಮಗೆ ಗೊತ್ತಿತ್ತು. ಸಾಕಷ್ಟು ಇದ್ದಾಗ ಏನು ಮಾಡಬೇಕೆಂಬುದು ಮರೆತೇಹೋಗಿತ್ತು.

ಎರಡು ಮೂಟೆಯೂ ಹನ್ನೊಂದು ಮನೆಗೆ ಸಮನಾಗಿ ಹಂಚಿಹೋಯಿತು, ತಾರಸಿಯ ಮೇಲೆ ಒಣಗಿಸುವುದಕ್ಕೆ. ಕೋತಿ ಕಾಯುವ ಪಾಳಿಯನ್ನು ರಾಜಲಕ್ಷ್ಮಿ ಆಂಟಿ ಅಲ್ಲಿಯೇ ಗೊತ್ತು ಮಾಡಿದರು. ಗ್ಯಾಸ್ ಆಗುವ ಮನೆಯವರಿಗೆ ಮೊದಲ ಪಾಳಿ. ಮುಂದಿನ ಸಭೆ ಹೊಲದಲ್ಲೇ, ಬಿಮ್ಲಾ ದೀದಿಯ ಹಗ್ಗದ ಮಂಚದ ಸುತ್ತ ನಡೆಯಲಿ ಎಂದೂ ತೀರ್ಮಾನವಾಯಿತು. "ಚಾಯ್ ಮೈಂ ಪಿಲಾವೂಂಗೀ" ಎಂದು ಅವರು ಸ್ಪಷ್ಟವಾಗಿ ಹೇಳಿದರು, ಚಹಾ ತಮ್ಮದೇ. ಹಾಜರಿದ್ದವರ ಪಟ್ಟಿಯಲ್ಲಿ ಹನ್ನೆರಡನೆಯ ಹೆಸರು ಬರೆಯುವಾಗ ಬಿಮ್ಲಾ ದೀದಿಯ ಪೂರ್ತಿ ಹೆಸರು ನನಗೆ ತಿಳಿದಿಲ್ಲವೆಂದು ಗೊತ್ತಾಯಿತು. ಕೇಳಿ ಬರೆದುಕೊಂಡೆ. ಅದು ನಾನು ತಿಳಿದುಕೊಳ್ಳಬೇಕಾದದ್ದು, ನಿಮಗೆ ಹೇಳಬೇಕಾದದ್ದಲ್ಲ.

ಎದ್ದು ನಿಂತ ಮೇಲೆ ಅವರು ಇನ್ನೊಂದು ಮಾತು ಹೇಳಿದರು. ಮೇಲಿನ ಕುಡಿಗಳಲ್ಲಿ ಎಳೆಗಾಯಿ ಇನ್ನೂ ಇದೆ. ಈ ಬಿಸಿಲಿಗೆ ಮೂರೇ ದಿನದಲ್ಲಿ ಅದೂ ಬಲಿತುಬಿಡುತ್ತದೆ. ಆ ವ್ಯಾಪಾರಿಯನ್ನು ಕಾಡಿ ಬೇಡಿ ಒಪ್ಪಿಸಿದ್ದಾರೆ, ಗಾಡಿ ನಾಳೆ ಒಂಬತ್ತಕ್ಕೆ ಬರುತ್ತದೆ. ಕೀಳುವುದಕ್ಕೆ ಇರುವವರು ಅವರು ಮತ್ತು ಓರಗಿತ್ತಿ ಇಬ್ಬರೇ. ಕೈ ಸಾಲದು, ಸಿಕ್ಕಷ್ಟು ಸಿಕ್ಕಿತು.

ನಾಳೆ ಸೋಮವಾರ. ಹಾಲ್‌ನಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಮುಂದಿನ ಕಾಯಿಗಳನ್ನು ನೋಡಿಕೊಂಡರು.

"ಮೈಂ ಆವೂಂಗೀ," ನಾನು ಬರುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಆರಕ್ಕೆ ಬಸ್‌ಸ್ಟಾಪಿಗೆ ಹೋದಾಗ ಯಾರೋ ಗಂಡಸರ ಮಂಕಿಕ್ಯಾಪ್ ಹಾಕಿಕೊಂಡು, ಶಾಲು ಹೊದ್ದು, ಕೈಯಲ್ಲಿ ಫ್ಲಾಸ್ಕ್ ಹಿಡಿದು ನ್ಯಾಯಾಧೀಶರ ಹಾಗೆ ಬೆಂಚಿನ ಮೇಲೆ ಕೂತಿದ್ದರು. "ಏನೇ ನೋಡ್ತಾ ನಿಂತೆ? ಬಸ್ ನಂಬರ್ ನೋಡು" ಎಂದರು ರಾಜಲಕ್ಷ್ಮಿ ಆಂಟಿ. ಏಳೂಕಾಲಿಗೆ ಹೊಲದಲ್ಲಿದ್ದೆವು. ಇಬ್ಬನಿಗೆ ಎಲೆಗಳು ತೊಯ್ದು ಭಾರವಾಗಿದ್ದವು, ಹತ್ತು ನಿಮಿಷದಲ್ಲಿ ನನ್ನ ತೋಳು ಮೊಣಕೈವರೆಗೆ ಒದ್ದೆ. ಎಳೆಯದೋ ಬಲಿತದ್ದೋ ಎಂದು ತಿಳಿಯದೆ ನಾನು ಪ್ರತಿ ಕಾಯನ್ನೂ ಬೆಳಕಿಗೆ ಹಿಡಿದು ಒಳಗಿನ ಕಾಳಿನ ನೆರಳನ್ನು ಅಳೆಯುತ್ತಿದ್ದೆ.

"ಬಿಟಿಯಾ, ಎಕ್ಸ್‌ರೇ ಮತ್ ನಿಕಾಲ್" ಎಂದು ಪಕ್ಕದ ಸಾಲಿನಿಂದ ಬಿಮ್ಲಾ ದೀದಿ ಕೂಗಿದರು. "ತೋಡ್!" ಎಕ್ಸ್‌ರೇ ತೆಗೆಯಬೇಡ, ಕೀಳು ಎಂದು.

ಕಿತ್ತೆ. ಒಂಬತ್ತಕ್ಕೆ ಗಾಡಿ ಬಂದಾಗ ಅವರು ನನ್ನ ಬುಟ್ಟಿಯನ್ನು ಗೋಣಿಯ ಮೇಲೆ ಬಗ್ಗಿಸಿ, ಹದಿನೈದಿಪ್ಪತ್ತು ಕಾಯಿಗಳನ್ನು ಮಾತಾಡದೆ ಆರಿಸಿ ಆಚೆಗೆಸೆದು, ಉಳಿದದ್ದನ್ನು ವ್ಯಾಪಾರಿಯ ಮೂಟೆಗೆ ತಳ್ಳಿದರು. ಇನ್ನೂ ಎರಡು ಸಾಲು ಉಳಿದಿತ್ತು. ಅರ್ಧ ಗಂಟೆ ಕಾಯುತ್ತೇನೆ ಎಂದು ಗಾಡಿಯವನು ಬೀಡಿ ಹಚ್ಚಿದ. ನಾನು ಆಫೀಸಿಗೆ ಫೋನ್ ಮಾಡಿ ತಡವಾಗುತ್ತದೆ ಎಂದೆ. ಏನಾಯಿತು ಎಂದು ನಮ್ಮ ಸೆಕ್ಷನ್ನಿನ ಹಿರಿಯರು ಕೇಳಿದರು. ನಾನು ಇಂಥ ಹೊತ್ತಿನಲ್ಲಿ ತಲೆನೋವು ಎಂದು ಹೇಳಿ ಮುಗಿಸುವವಳು. "ಹೊಲದಲ್ಲಿದೀನಿ ಸರ್, ಕೆಲಸ ಮುಗಿದಿಲ್ಲ" ಎಂದೆ. ಅವರು ಇನ್ನೇನೋ ಕೇಳುತ್ತಿದ್ದರು. ಫೋನನ್ನು ಆಂಟಿಯ ಫ್ಲಾಸ್ಕಿನ ಪಕ್ಕದಲ್ಲಿಟ್ಟು, ಬುಟ್ಟಿ ಎತ್ತಿಕೊಂಡು, ಕೊನೆಯ ಸಾಲಿನ ಆ ತುದಿಯಿಂದ ಶುರುಮಾಡಿದೆ.